ಮಡುವಿನವಳಿಗೆ ಬೇಕಾದ ಎಂಟು ಗಂಟೆ

ಹೊಡೆದಾಟದ ಮೂರನೇ ಸುತ್ತು ಮುಗಿಯುವಾಗ ನನ್ನ ಡ್ರ್ಯಾಗನ್‌ಗೆ 195ರಲ್ಲಿ 61 ಹಿಟ್ ಪಾಯಿಂಟ್, ಅಂದರೆ ಜೀವದ ಅಂಕ, ಉಳಿದಿತ್ತು. ಎಡ ರೆಕ್ಕೆ ಹರಿದಿತ್ತು. ನನ್ನ ಮುಂದೆ ಮೂರು ಮಂಜೊಟ್ಟಿ ಬೀಜ ಇಟ್ಟುಕೊಂಡಿದ್ದೆ, ಅದರಲ್ಲಿ ಒಂದೇ ಬಾಕಿ ಇತ್ತು. ಹೊರಗೆ ಆಟಿ ತಿಂಗಳ ಮಳೆ. ಮಂಗಳೂರಿನ ಉರ್ವದಲ್ಲಿ ನಮ್ಮ ಮನೆಯ ಚಾವಡಿ, ಮೇಜಿನ ಸುತ್ತ ನಾಲ್ಕು ಜನ, ಯಾರೂ ಗೋಳಿಬಜೆ ಮುಟ್ಟುತ್ತಿರಲಿಲ್ಲ. ಇನ್ನೊಂದು ಸುತ್ತು ಅಲ್ಲೇ ನಿಂತರೆ ಡ್ರ್ಯಾಗನ್ ಸಾಯುತ್ತದೆ ಎಂದು ಅವರಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು. ಡ್ರ್ಯಾಗನ್‌ಗೆ ಗೊತ್ತಿತ್ತಾ? ಆ ಒಂದು ಪ್ರಶ್ನೆಯಿಂದ ಮುಂದಿನ ಎರಡು ಶನಿವಾರ ಹುಟ್ಟಿತು.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ನಾವು ಆಡುವುದು ಡಂಜನ್ಸ್ ಅಂಡ್ ಡ್ರ್ಯಾಗನ್ಸ್. 1974ರಲ್ಲಿ ಅಮೆರಿಕದಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನ್‌ಸನ್ ತಂದ ಆಟ. ನಮ್ಮ ಮನೆಯಲ್ಲಿ ನಡೆಯುವುದು 2014ರ ಐದನೇ ಆವೃತ್ತಿ. ಪ್ರತಿ ಆಟಗಾರನಿಗೂ ಒಂದು ಪಾತ್ರ. ಊರು, ಜನ, ಹವೆ, ಶತ್ರು ಎಲ್ಲ ಡಂಜನ್ ಮಾಸ್ಟರ್ ಕೈಯಲ್ಲಿ. ತಾಳಮದ್ದಳೆ ಕೇಳಿ ಬೆಳೆದವರಿಗೆ ಇದು ಬೇಗ ಹಿಡಿಸುತ್ತದೆ. ಕಥೆಯ ದಾರಿ ಸ್ವಲ್ಪ ಗೊತ್ತಿರುತ್ತದೆ, ಮಾತು ಮಾತ್ರ ಅಲ್ಲೇ ಹುಟ್ಟಬೇಕು. ಇಲ್ಲಿ ಗೆಲ್ಲುವವರು ಯಾರು ಎಂದು ಪದ್ಯದಲ್ಲಿ ಬರೆದಿರುವುದಿಲ್ಲ, ಅಷ್ಟೇ. ಅದನ್ನು ದಾಳ ಹೇಳಬೇಕು. ಕೌರವನ ಅರ್ಥ ಹೇಳುವವರು ಕೌರವನ ಪಕ್ಷವನ್ನು ಪೂರ್ತಿ ಮನಸ್ಸಿಟ್ಟು ಹಿಡಿಯುತ್ತಾರಲ್ಲ, ಸೋಲುತ್ತೇನೆ ಎಂದು ಗೊತ್ತಿದ್ದೂ. ಖಳನನ್ನು ಆಡಿಸುವಾಗ ನನಗೆ ಬೇಕಾದ್ದು ಅದೇ ನಿಷ್ಠೆ.

ನಮ್ಮ ತಂಡ ಒಂಬತ್ತನೇ ಲೆವೆಲ್. ಖಡ್ಗಧಾರಿಯನ್ನು ಆಡಿಸುವುದು ನನ್ನ ಕಾಲೇಜು ಗೆಳೆಯ, ಮೇಳದ ಆಟ ಎಲ್ಲಿದ್ದರೂ ಬೆಳಗಿನ ತನಕ ಕೂರುವವನು. ಮಾಂತ್ರಿಕಳು ನನ್ನ ಅಕ್ಕನ ಮಗಳು, ಪಿಯುಸಿ ಮುಗಿಸಿದ ಹುಡುಗಿ. ಪೂಜಾರಿಣಿಯ ಪಾತ್ರ ಬ್ಯಾಂಕಿನಲ್ಲಿ ಕೆಲಸ ಮಾಡುವ ಗೆಳತಿಯದ್ದು. ಕಳ್ಳನ ಪಾತ್ರ ಪಕ್ಕದ ಮನೆಯ ಹುಡುಗನದ್ದು. ಅವನ ಅಜ್ಜನ ಮನೆ ಬೆಂಗ್ರೆಯಲ್ಲಿ, ಅಂದರೆ ಒಂದು ಬದಿ ಹೊಳೆ, ಇನ್ನೊಂದು ಬದಿ ಸಮುದ್ರ. ಇದನ್ನು ನೆನಪಿಡಿ.

ಡ್ರ್ಯಾಗನ್‌ಗೆ ಒಂದು ಹೆಸರು ಇತ್ತು, ಆದರೆ ಆಟದೊಳಗಿನ ಊರಿನವರು ಆ ಹೆಸರು ಎತ್ತುತ್ತಿರಲಿಲ್ಲ. ಮಡುವಿನವಳು ಅನ್ನುತ್ತಿದ್ದರು. ಕಪ್ಪು ಡ್ರ್ಯಾಗನ್, ಬೆಳೆದದ್ದು. ನಿಯಮದ ಪ್ರಕಾರ ನೂರು ವರ್ಷ ದಾಟಿದ ಮೇಲೆ ಬೆಳೆದದ್ದು ಅನ್ನಿಸಿಕೊಳ್ಳುತ್ತದೆ. ಇವಳಿಗೆ ಮುನ್ನೂರು ಎಂದು ಇಟ್ಟಿದ್ದೆ. ಕಪ್ಪು ಡ್ರ್ಯಾಗನ್ ಜೌಗಿನ ಪ್ರಾಣಿ. ನೀರಲ್ಲೂ ಉಸಿರಾಡುತ್ತದೆ, ಉಗುಳುವುದು ಆಸಿಡ್. ಜಾಗ ಹುಡುಕಲು ನಾನು ದೂರ ಹೋಗಲಿಲ್ಲ. ನೇತ್ರಾವತಿ ಮತ್ತು ಗುರುಪುರ ಹೊಳೆ ಸೇರುವ ಅಳಿವೆಯನ್ನೇ ಮನಸ್ಸಿನಲ್ಲಿಟ್ಟು ಒಂದು ಅಳಿವೆ ಬರೆದೆ. ಎರಡು ದಡಕ್ಕೂ ಕಾಂಡ್ಲಾ ಕಾಡು, ನಡುವೆ ಆಳದ ಮಡು, ಮಡುವಿನಿಂದ ಸಮುದ್ರಕ್ಕೆ ಒಂದೇ ದಾರಿ, ಆ ದಾರಿಗೆ ಅಡ್ಡ 300 ಅಡಿಯ ಮರಳು ದಿಬ್ಬ. ಉಬ್ಬರದಲ್ಲಿ ದಿಬ್ಬದ ಮೇಲೆ ನೀರು. ಇಳಿತದಲ್ಲಿ ಬರೀ ಮರಳು.

ಮೊದಲ ಹೊಡೆದಾಟ ಆಟದ ಲೆಕ್ಕದಲ್ಲಿ ಬೆಳಿಗ್ಗೆ ಹತ್ತು ಗಂಟೆಗೆ. ಅದರ ವಿವರ ಜಾಸ್ತಿ ಬೇಡ. ತಂಡ ಚೆನ್ನಾಗಿ ಆಡಿತು. ಮಾಂತ್ರಿಕಳು ತನ್ನಲ್ಲಿದ್ದ ಒಂದೇ ಒಂದು ಐದನೇ ಹಂತದ ಮಂತ್ರ ಹಾಕಿ ಅವಳನ್ನು ಮರಗಟ್ಟಿಸಲು ನೋಡಿದಳು, ಪೂಜಾರಿಣಿ ಬೇರೆ ಲೋಕಕ್ಕೆ ಅಟ್ಟಲು ನೋಡಿದಳು. ಎರಡು ಸಲವೂ ನನ್ನ ದಾಳ ಸೋತಿತು, ಎರಡು ಸಲವೂ ಲೆಜೆಂಡರಿ ರೆಸಿಸ್ಟೆನ್ಸ್ ಬಳಸಿ ತಪ್ಪಿಸಿದೆ. ಈ ಶಕ್ತಿ ದಿನಕ್ಕೆ ಮೂರೇ ಸಲ. ಮಂಜೊಟ್ಟಿ ಬೀಜ ಅದರ ಲೆಕ್ಕಕ್ಕೆ. ಒಂದೊಂದು ಬಳಸಿದಾಗ ಒಂದೊಂದು ಬೀಜ ಎಲ್ಲರ ಕಣ್ಣೆದುರೇ ತೆಗೆದು ಬದಿಗಿಡುತ್ತೇನೆ. ಬಹಳ ಮಂದಿ ಡಂಜನ್ ಮಾಸ್ಟರ್‌ಗಳು ಇದನ್ನು ಮುಚ್ಚಿಡುತ್ತಾರೆ. ನನಗೆ ಅದು ಸರಿ ಕಾಣುವುದಿಲ್ಲ. ಮಂತ್ರ ವ್ಯರ್ಥವಾಯಿತು ಎಂದು ಆಟಗಾರ ಬೇಸರಪಡುವ ಹೊತ್ತಿಗೆ ಬೀಜ ಹೋದದ್ದು ಕಂಡರೆ, ಏನೋ ಒಂದು ಕಿತ್ತುಕೊಂಡೆ ಎಂಬ ಧೈರ್ಯ ಬರುತ್ತದೆ.

ಮೂರನೇ ಸುತ್ತಿನಲ್ಲಿ ಖಡ್ಗಧಾರಿಗೆ ಇಪ್ಪತ್ತು ಮುಖದ ದಾಳದಲ್ಲಿ 20 ಬಿತ್ತು. ಖುಷಿಯಲ್ಲಿ ನಾನು ಬಾಯಿಬಿಟ್ಟು ಹೇಳಿಬಿಟ್ಟೆ: ಕತ್ತಿ ಎಡ ರೆಕ್ಕೆಯ ಚರ್ಮವನ್ನು ಬುಡದಿಂದ ಅಂಚಿನ ತನಕ ಸೀಳಿತು, ನೆನೆದ ಬಟ್ಟೆ ಹರಿದ ಹಾಗೆ ಸದ್ದು. ನಿಯಮದಲ್ಲಿ 20 ಬಿದ್ದರೆ ಪೆಟ್ಟಿನ ದಾಳ ಎರಡರಷ್ಟು, ಅಷ್ಟೇ. ರೆಕ್ಕೆ ಹರಿಯಬೇಕೆಂದಿಲ್ಲ. ಉಳಿಯುವ ಗಾಯಕ್ಕೆ ಒಂದು ಐಚ್ಛಿಕ ನಿಯಮ ಇದೆ, ಅದನ್ನು ನಾವು ಬಳಸುತ್ತಿರಲಿಲ್ಲ. ಆದರೆ ಹೇಳಿದ ಮೇಲೆ ಮುಗಿಯಿತು. ಆಟಗಾರರ ಎದುರು ಹರಿದ ರೆಕ್ಕೆ ಮುಂದಿನ ಸುತ್ತಿನಲ್ಲಿ ಸುಮ್ನೆ ಹಾರಲು ಶುರುಮಾಡಿದರೆ ಅವರು ನನ್ನ ಇನ್ಯಾವ ಮಾತನ್ನು ನಂಬಬೇಕು? ಹಾಗಾಗಿ ಅಲ್ಲೇ ತೀರ್ಮಾನಿಸಿದೆ: ಇವಳು ಇನ್ನು ಹಾರುವುದಿಲ್ಲ. ಇದು ದೊಡ್ಡ ನಷ್ಟ. ಹಾರುವ ವೇಗ ಸುತ್ತಿಗೆ 80 ಅಡಿ, ಪೂರ್ತಿ ಓಟದಲ್ಲಿ 160. ರೆಕ್ಕೆ ಇದ್ದಿದ್ದರೆ ಎರಡು ಸುತ್ತಿನಲ್ಲಿ ಮೋಡ ಸೇರುತ್ತಿದ್ದಳು, ಬರೆಯಲು ಪ್ರಕರಣವೇ ಇರುತ್ತಿರಲಿಲ್ಲ.

ಈಗ ಆ ಪ್ರಶ್ನೆ. ಸಾಯುತ್ತೇನೆ ಎಂದು ಅವಳಿಗೆ ಗೊತ್ತಿತ್ತಾ?

ನಮ್ಮ ಅಜ್ಜ ಹೇಳುತ್ತಿದ್ದರು, ಗಾಯವಾದ ಹಂದಿಯ ಹಿಂದೆ ಪೊದೆಗೆ ನುಗ್ಗಬಾರದು ಎಂದು. ಹಂದಿ ತಿರುಗಿ ಬೀಳುತ್ತದೆ. ಅದಕ್ಕೆ ನೋವು ಮಾತ್ರ ಗೊತ್ತು. ಹೆಚ್ಚಿನ ಮೇಜುಗಳಲ್ಲಿ ಡ್ರ್ಯಾಗನ್ ಕೂಡ ಹಂದಿಯೇ ಆಗುತ್ತದೆ, ಕೊನೆಯ ಪಾಯಿಂಟ್ ತನಕ ಕಚ್ಚಿ ಸಾಯುತ್ತದೆ. ಆದರೆ ಕಪ್ಪು ಡ್ರ್ಯಾಗನ್‌ನ ಬುದ್ಧಿ 14. ಸಾಮಾನ್ಯ ಮನುಷ್ಯನದ್ದು 10. ಮುನ್ನೂರು ವರ್ಷ ಬದುಕಿದವಳು ಸಾವನ್ನು ಲೆಕ್ಕ ಹಾಕದೆ ಇರುತ್ತಾಳಾ? ಇದನ್ನು ಆ ಬಿಸಿಯಲ್ಲಿ ಯೋಚಿಸಿದ್ದಲ್ಲ. ಹಿಂದಿನ ದಿನವೇ ನೋಟ್ ಪುಸ್ತಕದಲ್ಲಿ ಬರೆದಿದ್ದೆ: ಮೂರನೇ ಒಂದು ಭಾಗಕ್ಕೆ, ಅಂದರೆ 65ಕ್ಕೆ ಇಳಿದರೆ ಹೊರಡುತ್ತಾಳೆ; ಎರಡು ಬೀಜ ಹೋದರೂ ಹೊರಡುತ್ತಾಳೆ. ಮೊದಲೇ ಬರೆದಿಡುವುದು ಯಾಕೆಂದರೆ, ಆಟದ ನಡುವೆ ನನಗೆ ಆಸೆ ಬರುತ್ತದೆ. ಇನ್ನೊಂದು ಸಲ ಆಸಿಡ್ ಉಗುಳಿಸೋಣ, ಒಬ್ಬನನ್ನಾದರೂ ಬೀಳಿಸೋಣ ಎಂದು. ಆ ಆಸೆ ನನ್ನದು, ಅವಳದ್ದಲ್ಲ.

ಮಾಂತ್ರಿಕಳ ಸರದಿ ಮುಗಿದ ಕೂಡಲೇ ಅವಳು ಉಳಿದ ಬಲ ರೆಕ್ಕೆಯನ್ನು ಬೀಸಿದಳು. ಹತ್ತು ಅಡಿಯೊಳಗೆ ಇದ್ದವರು ದಾಳದ ಲೆಕ್ಕದಲ್ಲಿ 19 ಮುಟ್ಟಬೇಕಿತ್ತು. ಖಡ್ಗಧಾರಿ, ಕಳ್ಳ ಇಬ್ಬರೂ ಸೋತು ನೆಲಕ್ಕೆ ಬಿದ್ದರು. ಬಿದ್ದವರು ಹೊಡೆದರೆ ಎರಡು ದಾಳ ಹಾಕಿ ಕಡಿಮೆಯದನ್ನು ತೆಗೆದುಕೊಳ್ಳಬೇಕು. ಅದೇ ಅವಳಿಗೆ ಬೇಕಾದ್ದು. ಅವಳ ಸರದಿ ಬಂದಾಗ ಕಚ್ಚಲಿಲ್ಲ, ಉಗುರು ಎತ್ತಲಿಲ್ಲ. ನೀರಿಗೆ ಜಾರಿ ಪೂರ್ತಿ ವೇಗದಲ್ಲಿ ಈಜಿದಳು. ಖಡ್ಗಧಾರಿಯ ದಾಳ 17 ಮತ್ತು 4. ನಾಲ್ಕೇ ಲೆಕ್ಕಕ್ಕೆ ಬಂತು. ಆಮೇಲೆ ಗುಹೆಯ ಶಕ್ತಿಯಿಂದ ಮಡುವಿನ ಮೇಲೆ ಕತ್ತಲೆ ಬಿತ್ತು.

ಮೇಜಿನ ಮೇಲೆ ಸ್ವಲ್ಪ ಹೊತ್ತು ಮಾತಿಲ್ಲ.

"ಎಂತ ಮಾರಾಯ, ಓಡಿ ಹೋದಳಾ?" ಅಂದ ಗೆಳೆಯ. ಅವನಿಗೆ ನಿಜಕ್ಕೂ ಬೇಸರವಾಗಿತ್ತು. ಅದಕ್ಕಿಂತ ದೊಡ್ಡ ಮಾತು ಹೇಳಿದ್ದು ಪೂಜಾರಿಣಿಯನ್ನು ಆಡಿಸುವ ಗೆಳತಿ. "ನಾಳೆ ಬೆಳಿಗ್ಗೆ ಅವಳು ಪೂರ್ತಿ ಹುಷಾರಾಗ್ತಾಳಲ್ಲ? ಹಾಗಾದ್ರೆ ನಾವು ಇಷ್ಟು ಹೊತ್ತು ಮಾಡಿದ್ದು ಎಂತದಕ್ಕೆ?"

ಅವಳು ಹೇಳಿದ್ದು ಸರಿ. ಐದನೇ ಆವೃತ್ತಿಯಲ್ಲಿ ಎಂಟು ಗಂಟೆಯ ಲಾಂಗ್ ರೆಸ್ಟ್ ಸಿಕ್ಕಿದರೆ ಎಲ್ಲ ಹಿಟ್ ಪಾಯಿಂಟೂ ವಾಪಸ್. ದಿನದ ಶಕ್ತಿಗಳೂ ವಾಪಸ್. ಓಡಿಹೋದ ಡ್ರ್ಯಾಗನ್ ಮರುದಿನ 195ರೊಂದಿಗೆ, ಮೂರು ಬೀಜದೊಂದಿಗೆ ಎದ್ದು ಬರುತ್ತದೆ. ಗಾಯಗೊಂಡ ಖಳ ಎಂಬುದಕ್ಕೆ ಅರ್ಥವೇ ಇಲ್ಲ. ಇದಕ್ಕೆ ಕೆಲವರು ನಿಯಮ ತಿದ್ದಿ, ಡ್ರ್ಯಾಗನ್‌ಗೆ ವಾಸಿಯಾಗಲು ತಿಂಗಳು ಬೇಕು ಅನ್ನುತ್ತಾರೆ. ನಾನು ಆ ರಾತ್ರಿ ನಿಯಮವನ್ನೇ ಇನ್ನೊಮ್ಮೆ ಓದಿದೆ. ಅಲ್ಲೇ ದಾರಿ ಇತ್ತು. 24 ಗಂಟೆಯಲ್ಲಿ ಒಂದೇ ಲಾಂಗ್ ರೆಸ್ಟ್‌ನ ಲಾಭ. ನಡುವೆ ಒಂದು ಗಂಟೆಯಷ್ಟು ನಡಿಗೆ, ಹೊಡೆದಾಟ, ಮಂತ್ರ ಆದರೆ ರೆಸ್ಟ್ ಮತ್ತೆ ಮೊದಲಿಂದ.

ತಂಡ ಎದ್ದದ್ದು ಬೆಳಿಗ್ಗೆ ಆರಕ್ಕೆ. ಅವಳು ಎದ್ದದ್ದೂ ಹೆಚ್ಚುಕಡಿಮೆ ಆಗಲೇ. ಹಾಗಾದರೆ ಈ ರಾತ್ರಿಯ ನಿದ್ದೆ ಮುಗಿಯುವ ತನಕ ಇಬ್ಬರಿಗೂ ಹೋದದ್ದು ವಾಪಸ್ ಬರುವುದಿಲ್ಲ. ನೆಮ್ಮದಿಯ ಎಂಟು ಗಂಟೆ ಯಾರಿಗೆ ಸಿಗುತ್ತದೋ ಅವರು ಗೆದ್ದ ಹಾಗೆ. ನೋಟ್ ಪುಸ್ತಕದಲ್ಲಿ ಅವಳ ಗುರಿಯನ್ನು ಒಂದೇ ಸಾಲಿನಲ್ಲಿ ಬರೆದೆ: ಸಮುದ್ರ ಸೇರಬೇಕು, ಎಂಟು ಗಂಟೆ ಮಲಗಬೇಕು. ಸೇಡು, ಸಂಪತ್ತು, ಊರು ಎಲ್ಲ ಅದರ ನಂತರ.

ಆದರೆ ಬೆಳಿಗ್ಗೆ ಹತ್ತಕ್ಕೇ ನೀರು ಇಳಿಯುತ್ತಿತ್ತು. ಮಡುವಿನ ಬಾಯಿ ಮುಚ್ಚಿತ್ತು. ಅವಳಷ್ಟು ದೊಡ್ಡ ಮೈಯವಳು ಮರಳ ಮೇಲೆ ನಡೆದು 300 ಅಡಿ ದಾಟಲು, ಓಡಿದರೂ ಸುತ್ತಿಗೆ 80 ಅಡಿಯಂತೆ ನಾಲ್ಕು ಸುತ್ತು ಬೇಕು. ಬಯಲಲ್ಲಿ, ಎಲ್ಲರ ಕಣ್ಣಿಗೆ. ದಾಟುವುದಿಲ್ಲ, ಕಾಯುತ್ತಾಳೆ. ಸಂಜೆ ಆರರ ಹೊತ್ತಿಗೆ ದಿಬ್ಬದ ಮೇಲೆ ಸಾಕಷ್ಟು ನೀರು ಬರುತ್ತದೆ.

ಈ ನೀರಿನ ಲೆಕ್ಕವನ್ನು ನನ್ನ ಪುಸ್ತಕದಲ್ಲಿ ಮಾತ್ರ ಇಟ್ಟುಕೊಂಡರೆ ಅದು ಮೋಸ ಅನ್ನಿಸಿತು. ಎರಡನೇ ಶನಿವಾರ ಅಜ್ಜಿಯ ಚೆನ್ನೆಮಣೆ ತೆಗೆದು ಮೇಜಿನ ತುದಿಯಲ್ಲಿಟ್ಟೆ. ಒಂದು ಸಾಲಿಗೆ ಏಳು ಗುಣಿ. ಆಚೆ ಸಾಲು ಇಳಿತಕ್ಕೆ, ಬೆಳಿಗ್ಗೆ ಏಳರಿಂದ ಮಧ್ಯಾಹ್ನ ಒಂದರ ತನಕ. ಈಚೆ ಸಾಲು ಉಬ್ಬರಕ್ಕೆ, ಒಂದರಿಂದ ಸಂಜೆ ಏಳರ ತನಕ. ಆಟದಲ್ಲಿ ಒಂದು ಗಂಟೆ ಕಳೆದಾಗೆಲ್ಲ ಒಂದು ಬೀಜವನ್ನು ಮುಂದಿನ ಗುಣಿಗೆ ಸರಿಸಿದೆ. ಅದೇನೆಂದು ನಾನಾಗಿ ಹೇಳಲಿಲ್ಲ. ಯಾರಾದರೂ ಕೇಳಿದ್ದರೆ ಹೇಳುತ್ತಿದ್ದೆ.

ಎರಡನೇ ಶನಿವಾರ ನಾನು ತಪ್ಪು ಮಾಡಿದೆ. ಈ ಪ್ರಕರಣದಲ್ಲಿ ನನಗೆ ಅತಿ ಮುಖ್ಯವಾದ ಭಾಗ ಇದು.

ತಂಡ ಕಡವಿನ ಅಂಬಿಗನ ಮನೆಯಲ್ಲಿ ಒಂದು ಗಂಟೆ ಸುಧಾರಿಸಿಕೊಳ್ಳಲು ಕೂತಿತು. ಬುದ್ಧಿವಂತ ಖಳ ಸುಮ್ಮನಿರುವುದಿಲ್ಲ ಎಂದುಕೊಂಡು, ಅವಳ ಕೋಬೋಲ್ಡ್‌ಗಳು, ಅಂದರೆ ಹಲ್ಲಿಯಂಥ ಕುಳ್ಳ ಸೇವಕರು, ಬಂದು ಆ ಮನೆಯ ನೀರಿನ ಕೊಡಕ್ಕೆ ವಿಷ ಹಾಕಿದವು ಅಂದೆ. ಹುಣಸೆ ಬೀಜಗಳನ್ನು ಕೋಬೋಲ್ಡ್ ಎಂದು ನಕ್ಷೆಯ ಮೇಲೆ ಇಟ್ಟೆ. ನನಗೆ ಅದು ಚೆಂದದ ನಡೆ ಅನ್ನಿಸಿತ್ತು.

ಅಕ್ಕನ ಮಗಳು ನಕ್ಷೆ ನೋಡುತ್ತಾ ಕೇಳಿದಳು: "ಮಾವ, ನಾವು ಈ ಮನೆಯಲ್ಲಿ ಇರುದು ಅವಳಿಗೆ ಹೇಗೆ ಗೊತ್ತಾಯ್ತು?"

ನನ್ನಲ್ಲಿ ಉತ್ತರ ಇರಲಿಲ್ಲ. ಅವಳು ನೀರಿನ ತಳದಲ್ಲಿದ್ದಳು. ಇವರು ಕತ್ತಲೆಯ ಆಚೆ ಬದಿಯಿಂದ ಕಾಡು ದಾಟಿ ಬಂದಿದ್ದರು, ಯಾರೂ ಹಿಂಬಾಲಿಸಿರಲಿಲ್ಲ. ಗೊತ್ತಿದ್ದದ್ದು ನನಗೆ. ನನ್ನ ತಿಳಿವನ್ನು ಅವಳ ತಲೆಗೆ ತುಂಬಿಬಿಟ್ಟಿದ್ದೆ. ಏನಾದರೂ ನೆಪ ಹೇಳಬಹುದಿತ್ತು, ಬೇಹುಗಾರ ಹಕ್ಕಿ, ಕನಸು, ಮಾಯಾಕನ್ನಡಿ. ಹೇಳಲಿಲ್ಲ. "ಇದು ನನ್ನ ತಪ್ಪು, ಅವಳಿಗೆ ಗೊತ್ತಾಗಲು ದಾರಿ ಇರಲಿಲ್ಲ" ಎಂದು ಹುಣಸೆ ಬೀಜ ತೆಗೆದೆ. ಕೊಡದ ನೀರು ಸರಿ ಇದೆ, ಆಟ ಹಿಂದಕ್ಕೆ ಹೋಗಲಿ ಅಂದೆ. ಹತ್ತು ನಿಮಿಷ ವಿರಾಮ ಕೇಳಿ ಅಡುಗೆಮನೆಗೆ ಹೋಗಿ ಚಾ ಕಾಸುತ್ತಾ ಯೋಚಿಸಿದೆ.

ಖಳನ ಬುದ್ಧಿ ಎಂದರೆ ಎಲ್ಲ ಗೊತ್ತಿರುವುದಲ್ಲ. ಗೊತ್ತಿಲ್ಲದ್ದನ್ನು ಹೇಗೆ ತಿಳಿದುಕೊಳ್ಳುತ್ತಾನೆ ಎಂಬುದು ಬುದ್ಧಿ. ಮಡುವಿನವಳಿಗೆ ಏನು ಗೊತ್ತಿತ್ತು? ನಾಲ್ಕು ಜನ. ಇಬ್ಬರು ಮಂತ್ರ ಹಾಕುತ್ತಾರೆ, ಅದರಲ್ಲಿ ಒಬ್ಬಳು ಗಾಯ ಮಾಯಿಸುತ್ತಾಳೆ. ಎಲ್ಲಿ ಹೋದರು? ಗೊತ್ತಿಲ್ಲ. ಮಾಂತ್ರಿಕಳ ಹತ್ತಿರ ಆ ದೊಡ್ಡ ಮಂತ್ರ ಇನ್ನೊಂದು ಇದೆಯಾ? ಅದೂ ಗೊತ್ತಿಲ್ಲ, ಇದೆ ಎಂದೇ ಹೆದರುತ್ತಾಳೆ.

ಆಗ ಹೊಳೆದದ್ದು ನೀರು. ಕಪ್ಪು ಡ್ರ್ಯಾಗನ್‌ನ ಗುಹೆಯ ಸುತ್ತ ಒಂದು ಮೈಲಿಯೊಳಗಿನ ನೀರೆಲ್ಲ ಕೆಟ್ಟುಹೋಗಿರುತ್ತದೆ. ಅವಳ ಶತ್ರುಗಳು ಕುಡಿದರೆ ಕೆಲವೇ ನಿಮಿಷದಲ್ಲಿ ವಾಂತಿ. ಇದು ನಿಯಮದಲ್ಲೇ ಇದೆ, ತಂಡಕ್ಕೂ ಮೊದಲ ದಿನವೇ ಅನುಭವವಾಗಿತ್ತು. ಅವಳು ಹೀಗೆ ಯೋಚಿಸುತ್ತಾಳೆ: ಆ ನಾಲ್ಕು ಜನ ನನ್ನ ಶತ್ರುಗಳು, ಇಲ್ಲಿಯ ನೀರು ಅವರಿಗೆ ಆಗುವುದಿಲ್ಲ. ಹೊರಗಿನಿಂದ ನೀರು ತರಿಸಲೇಬೇಕು. ಯಾವ ಮನೆಗೆ ಇವತ್ತು ಜಾಸ್ತಿ ಕೊಡ ಹೋಗುತ್ತದೆ ನೋಡಿ ಬನ್ನಿ.

ಚಾ ತಂದು ಕೂತ ಮೇಲೆ ಕಡವಿನ ಕಟ್ಟೆಯಲ್ಲಿ ಒಂದೇ ಒಂದು ಹುಣಸೆ ಬೀಜ ಇಟ್ಟೆ. ಗೋಣಿ ಹೊದ್ದ ಸಣ್ಣ ಮೈ. ಮೀನಿನ ಬುಟ್ಟಿಗಳ ಹಿಂದೆ ಕೂತಿದೆ. ಮೀನು ನೋಡುತ್ತಿಲ್ಲ, ಕೊಡ ಎಣಿಸುತ್ತಿದೆ. ಕಳ್ಳನಿಗೆ ಅದು ಕಂಡಿತು. ಅವನು ಹಿಡಿಯಲಿಲ್ಲ. ಅಂಬಿಗನ ಹೆಂಡತಿಗೆ ಹೇಳಿ ಊರಿನ ಹತ್ತು ಮನೆಗೂ ಎರಡೆರಡು ಕೊಡ ಹೊರಿಸಿದ. ಮೇಜಿನ ಸುತ್ತ ಎಲ್ಲರ ಮುಖ ಅರಳಿತು. ನನಗೂ ಸಂತೋಷ. ಆ ಹೊತ್ತಿನಿಂದ ಅವರು ಎದುರಿಸುತ್ತಿದ್ದದ್ದು ನನ್ನನ್ನಲ್ಲ, ಅವಳನ್ನು.

ಅದೇ ಹೊತ್ತಿಗೆ ಅವಳೂ ಒಂದು ಗಂಟೆ ತಳದಲ್ಲಿ ಮಲಗಿದಳು. ಆಟಗಾರರು ಶಾರ್ಟ್ ರೆಸ್ಟ್‌ನಲ್ಲಿ ದಾಳ ಹಾಕಿ ಚೇತರಿಸಿಕೊಳ್ಳುವ ಹಾಗೆ ಅವಳಿಗೂ ಕೊಟ್ಟೆ, ಆರು ದಾಳ, ಎಲ್ಲರೆದುರೇ. ಒಟ್ಟು 37 ಬಂತು, ದಾಳಕ್ಕೆ 5ರಂತೆ 30 ಸೇರಿ 67. 61 ಇದ್ದದ್ದು 128. ಬೀಜ ಒಂದೇ. ರೆಕ್ಕೆ ಹಾಗೇ.

ಮೂರನೇ ಶನಿವಾರ. ಆಟದಲ್ಲಿ ಸಂಜೆ ನಾಲ್ಕು. ತಂಡ ಮಡುವಿನ ದಡಕ್ಕೆ ಬಂತು. ನೀರೊಳಗೆ ಇಳಿದು ಹೊಡೆಯುವುದು ಸುಲಭವಲ್ಲ. ಮುಳುಗಿದವರಿಗೆ ಬೆಂಕಿ ಅರ್ಧವೇ ತಾಗುತ್ತದೆ, ಬಿಲ್ಲು ಗುರಿ ತಪ್ಪುತ್ತದೆ, ಉದ್ದ ಕತ್ತಿ ಬೀಸುವುದು ಕಷ್ಟ. ಈಟಿಯಾದರೆ ನೆಟ್ಟಗೆ ಹೋಗುತ್ತದೆ. ಬೆಂಗ್ರೆಯ ಹುಡುಗ ಇದನ್ನು ಮೊದಲೇ ನೋಡಿ ಕಡವಿನಲ್ಲಿ ಆರು ಎಸೆಯುವ ಈಟಿ ಕೊಂಡಿದ್ದ.

ಹೇಗೆ ಹೊರಗೆ ತರುವುದು ಎಂದು ಮಾತಾಡುತ್ತಿರುವಾಗ ಗೆಳೆಯ ಎದ್ದು ನಿಂತ. ಕುರ್ಚಿ ಹಿಂದೆ ಸರಿಸಿದ. ಅವನ ಮನಸ್ಸಿನಲ್ಲಿ ಏನಿತ್ತೆಂದು ನಮಗೆಲ್ಲ ತಿಳಿಯಿತು. ವೈಶಂಪಾಯನ ಕೊಳದಲ್ಲಿ ಅಡಗಿದ ಕೌರವನನ್ನು ಭೀಮ ಮೂದಲಿಸಿ ಮೇಲೆಬ್ಬಿಸುವುದನ್ನು ನಾವೆಲ್ಲ ಸಣ್ಣದಿನಿಂದ ನೋಡಿದವರೇ.

"ಎಲಾ ಮಡುವಿನವಳೇ! ಮುನ್ನೂರು ವರ್ಷ ಊರಿಗೆ ಊರನ್ನೇ ನಡುಗಿಸಿದವಳು, ಇವತ್ತು ನಾಲ್ಕು ಜನಕ್ಕೆ ಹೆದರಿ ಏಡಿಯ ಹಾಗೆ ಕೆಸರು ಹೊಕ್ಕಿದ್ದೀಯಲ್ಲ! ನಿನ್ನ ರೆಕ್ಕೆಯ ಚೂರು ನನ್ನ ಕತ್ತಿಯ ಮೇಲೆ ಇನ್ನೂ ಒಣಗಿಲ್ಲ. ಹೊರಗೆ ಬಾ!"

ಬಹಳ ಚೆನ್ನಾಗಿತ್ತು. ನಾನು ದಾಳ ಕೇಳಲಿಲ್ಲ, ಆ ಮಾತಿಗೆ ದಾಳ ಬೇಕಿರಲಿಲ್ಲ. ಅವಳಿಗೆ ಅದು ನಾಟಿತು ಎಂದೇ ಇಟ್ಟುಕೊಂಡೆ. ಡ್ರ್ಯಾಗನ್‌ಗೆ ಅಭಿಮಾನ ಇದ್ದೇ ಇರುತ್ತದೆ. ಆದರೆ ಕೌರವ ಮೇಲೆ ಬಂದದ್ದು ಯಾಕೆ? ಅವನಿಗೆ ಕಳೆದುಕೊಳ್ಳಲು ಉಳಿದಿದ್ದದ್ದು ಮಾನ ಒಂದೇ. ತಮ್ಮಂದಿರಿಲ್ಲ, ಸೇನೆಯಿಲ್ಲ, ಕರ್ಣನಿಲ್ಲ. ಇವಳಿಗೆ ಇನ್ನೂ ಎಂಟು ಗಂಟೆಯ ಆಸೆ ಇದೆ. ಆಸೆ ಇರುವವಳು ಮೂದಲಿಕೆ ನುಂಗುತ್ತಾಳೆ. ಅರ್ಧ ನಿಮಿಷ ಸುಮ್ಮನಿದ್ದೆ. ಆಮೇಲೆ ದನಿ ತಗ್ಗಿಸಿ ಉತ್ತರ ಕೊಟ್ಟೆ.

"ಏಡಿ ಅಂದೆ. ಯಾವಾಗ ಹೊರಗೆ ಬರಬೇಕೆಂದು ಏಡಿಗೆ ಗೊತ್ತು. ಅದಕ್ಕೇ ಅದು ಬದುಕಿದೆ."

ನಂತರ ಅವಳು ಮಾತುಕತೆಗೆ ಇಳಿದಳು. ಖಡ್ಗಧಾರಿಯ ಜೊತೆಗಲ್ಲ, ಪೂಜಾರಿಣಿಯ ಜೊತೆ. ಬೆಳಿಗ್ಗೆ ಬಿದ್ದವರನ್ನು ಎತ್ತಲು ಓಡಿದವಳು ಅವಳೇ ಎಂದು ನೋಡಿದ್ದಳು. ಕೊಟ್ಟ ಮಾತಿಗೆ ಬೆಲೆ ಕೊಡುವವಳು ಈ ನಾಲ್ವರಲ್ಲಿ ಯಾರು ಎಂದು ಊಹಿಸಲು ಅಷ್ಟು ಸಾಕು. ಎರಡು ಹಳ್ಳಿಯ ಕಪ್ಪ ಬಿಡುತ್ತೇನೆ, ಕಡವಿಗೆ ಬರುವುದಿಲ್ಲ, ನೀರಿನ ಕೆಡುಕು ನಿಲ್ಲಿಸುತ್ತೇನೆ, ನನ್ನನ್ನು ಈ ಮಡುವಿನಲ್ಲಿ ಬಿಟ್ಟುಬಿಡಿ ಅಂದಳು. "ಆದರೆ ನಿಮ್ಮ ಮಾತು ನನಗೆ ಸಾಲದು. ನೀವು ದಾರಿಹೋಕರು. ಊರಿನ ಗುರಿಕಾರ ಬಂದು ಒಪ್ಪಬೇಕು. ಕರೆದುಕೊಂಡು ಬನ್ನಿ, ಕಾಯುತ್ತೇನೆ."

ಇದು ನ್ಯಾಯದ ಬೇಡಿಕೆಯ ಹಾಗೆ ಕೇಳುತ್ತದೆ, ಅಲ್ವಾ? ಗುರಿಕಾರನ ಮನೆಗೆ ಹೋಗಿ ಬರಲು ಒಂದೂವರೆ ಗಂಟೆ. ಪೂಜಾರಿಣಿ ನಿಜವಾಗಿ ಒಪ್ಪಂದ ಬಯಸಿದಳು, ಜನ ಸಾಯುವುದು ಅವಳಿಗೆ ಬೇಡವಾಗಿತ್ತು. ಕಳ್ಳನನ್ನು ಊರಿಗೆ ಅಟ್ಟಿದರು. ಅವನು ಗುರಿಕಾರನ ಅಂಗಳದಲ್ಲಿ ನಿಂತು ಮಾತಾಡುತ್ತಿರುವಾಗ ನಾನು ಬೀಜವನ್ನು ಐದರ ಗುಣಿಗೆ ಸರಿಸಿದೆ.

ಹುಡುಗನ ಕಣ್ಣು ಬೀಜದ ಮೇಲೆ ನಿಂತಿತು. ಏಳು ಗುಣಿಯ ಸಾಲನ್ನು ಬೆರಳಲ್ಲಿ ಎಣಿಸಿದ. ಆಚೆ ಸಾಲನ್ನೂ ಎಣಿಸಿದ.

"ಅಣ್ಣ, ಒಂದು ಗಂಟೆಗೆ ಈ ಸಾಲು ತಿರುಗಿದ್ದಲ್ವಾ?"

"ಹೌದು."

"ಇದು ನೀರು. ನೀರು ಏರ್ತಾ ಉಂಟು." ಅವನು ಉಳಿದವರ ಕಡೆ ತಿರುಗಿದ. "ಅವಳು ಮಾತಾಡ್ಲಿಕ್ಕೆ ಕೂತದ್ದಲ್ಲ. ಅಳಿವೆ ತೆರೀಲಿಕ್ಕೆ ಕಾಯ್ತಾ ಇದ್ದಾಳೆ."

ಆಮೇಲೆ ಅವರು ಮಾಡಿದ್ದನ್ನು ನಾನು ಎಣಿಸಿಯೇ ಇರಲಿಲ್ಲ. ಕಳ್ಳ ಆ ಅಂಗಳದಲ್ಲೇ ಇದ್ದನಲ್ಲ. ಗುರಿಕಾರನನ್ನು ಮಾತ್ರ ಕರೆಯಲಿಲ್ಲ, ನಲವತ್ತು ಜನರನ್ನೂ ಕರೆದ, ಜೊತೆಗೆ ಊರಿನ ರಂಪಣಿ ಬಲೆ. ದಡದಿಂದ ಸಮುದ್ರಕ್ಕೆ ಬಿಟ್ಟು, ಎರಡೂ ತುದಿಯನ್ನು ಸಾಲಾಗಿ ನಿಂತು ಎಳೆಯುವ ಆ ದೊಡ್ಡ ಬಲೆ. ಗುರಿಕಾರ ಮಡುವಿನ ದಡಕ್ಕೆ ಬಂದು, ಶರತ್ತು ಒಂದೊಂದಾಗಿ ಹೇಳಿ ಅಂದ. ಪೂಜಾರಿಣಿ ಮಾತು ಎಳೆದಳು. ಅಷ್ಟರಲ್ಲಿ ಕಾಂಡ್ಲಾದ ಆಚೆ ದಿಬ್ಬದ ಬಾಯಿಗೆ ಬಲೆ ಬಿತ್ತು. ಊರಿನವರನ್ನು ಕರೆಸಿದ್ದು ಅವಳೇ. ಅವರು ಬಂದದ್ದರಲ್ಲಿ ಅವಳಿಗೆ ಸಂಶಯ ಬರಲು ಕಾರಣ ಇರಲಿಲ್ಲ. ನಾನು ಬಲೆ ನೋಡುತ್ತಿದ್ದೆ, ಅವಳು ನೋಡುತ್ತಿರಲಿಲ್ಲ. ಹಿಂದಿನ ವಾರದ ತಪ್ಪು ನೆನಪಿತ್ತು, ಬಾಯಿ ಮುಚ್ಚಿ ಕೂತೆ.

ಆರು ಗಂಟೆಗೆ ಅವಳು ಮಾತಿನ ನಡುವೆಯೇ ಹೊರಟಳು. ಬಲೆಗೆ ಮೈ ಕೊಟ್ಟಳು. ಆಸಿಡ್ ಮರಳಿ ಬಂದಿದೆಯಾ ಎಂದು ಎಲ್ಲರೆದುರು ದಾಳ ಹಾಕಿದೆ, 5 ಬಿತ್ತು. ಬಂದಿದೆ. 60 ಅಡಿ ಉದ್ದದ ಆಸಿಡ್, ಸರಾಸರಿ 54 ಪೆಟ್ಟು. ದಡದಲ್ಲಿ ಹಗ್ಗ ಹಿಡಿದ ಮೀನುಗಾರರು ಒಂದೇ ಸಾಲಿನಲ್ಲಿ ನಿಂತಿದ್ದರು. ಗೆಳತಿ ಬಾಯಿಗೆ ಕೈ ಇಟ್ಟುಕೊಂಡಳು. ಮಡುವಿನವಳು ಆಸಿಡ್ ಉಗುಳಿದ್ದು ಬಲೆಗೆ. ಜನ ಸತ್ತರೆ ಅವಳಿಗೆ ಏನೂ ಸಿಗುವುದಿಲ್ಲ, ಬಲೆ ಹರಿದರೆ ಸಮುದ್ರ ಸಿಗುತ್ತದೆ.

ಬಲೆ ಕರಗಿತು. ಆದರೆ ಒಂದು ಸುತ್ತು ಹೋಯಿತು. ಮಾಂತ್ರಿಕಳು ಸಿಡಿಲಿನ ಮಂತ್ರ ಹಾಕಿದಳು, 31 ಪೆಟ್ಟು. ಅದಕ್ಕೆ ಬೀಜ ಬಳಸಲಿಲ್ಲ, ಹಾಗೇ ತಿಂದಳು. ಮುಂದಿನ ಸರದಿಯಲ್ಲಿ ವೇಗ ಅರ್ಧ ಮಾಡುವ ಮಂತ್ರ ಬಂತು. ದಾಳ ಸೋತಿತು. ಕೊನೆಯ ಬೀಜ ತೆಗೆದಿಟ್ಟೆ. ನೋವು ತಡೆಯಬಹುದು, ನಿಧಾನವಾಗುವ ಹಾಗಿಲ್ಲ. ಅಕ್ಕನ ಮಗಳು ಅದನ್ನು ನೋಡಿ ನಿಧಾನಕ್ಕೆ ತಲೆ ಆಡಿಸಿದಳು. ಅವಳಿಗೆ ಅರ್ಥವಾಗಿತ್ತು.

ಖಡ್ಗಧಾರಿಯ ಐದನೇ ಈಟಿಗೆ ಅವಳು ಸತ್ತಳು. ಆಳದ ನೀರಿಗೆ ಇನ್ನು 30 ಅಡಿ ಇತ್ತು.

ಕೂಗಾಟ ಆಗುತ್ತದೆ ಅಂದುಕೊಂಡಿದ್ದೆ, ಆಗಲಿಲ್ಲ. ಗೆಳೆಯ ಸಣ್ಣ ಡ್ರ್ಯಾಗನ್ ಬೊಂಬೆಯನ್ನು ನಕ್ಷೆಯಿಂದ ಎತ್ತದೆ ಹಾಗೇ ಬಿಟ್ಟ. ಆಟ ನಡೆಸುವ ಕೆಲವು ಸ್ನೇಹಿತರು ನಂತರ, ಅವಳನ್ನು ಉಳಿಸಿಕೊಳ್ಳಬಹುದಿತ್ತಲ್ಲ, ಅಷ್ಟು ಒಳ್ಳೆಯ ಖಳ ಅಂದರು. ಉಳಿಸಲು ನನಗೆ ಹಕ್ಕಿರಲಿಲ್ಲ. ಬೀಜ ಮುಗಿದಿತ್ತು, ದಾಳ ಎಲ್ಲರೆದುರೇ ಬಿದ್ದಿತ್ತು. ಬದಲಾಯಿಸುವುದಾದರೆ ಒಂದನ್ನು ಬದಲಾಯಿಸುತ್ತೇನೆ: ಕಾವಲಿಗೆ ದಿಬ್ಬದ ಹತ್ತಿರ ಒಂದು ಕೋಬೋಲ್ಡ್ ಇಡದೇ ಹೋದದ್ದು ಅವಳ ಬುದ್ಧಿಗೆ ಒಪ್ಪುವ ಮಾತಲ್ಲ. ಕಡವಿಗೆ ಕಳಿಸಿದವಳು ತನ್ನ ದಾರಿಗೂ ಒಬ್ಬನನ್ನು ಇಡುತ್ತಿದ್ದಳು. ಅದು ನನಗೆ ಹೊಳೆಯಲಿಲ್ಲ.

ಎಲ್ಲ ಎತ್ತಿಡುವಾಗ ಪೂಜಾರಿಣಿಯ ಗೆಳತಿ ಕೇಳಿದಳು. "ಒಂದು ನಿಜ ಹೇಳು. ನಾವು ಒಪ್ಪಿದ್ರೆ ಅವಳು ಮಾತು ಉಳಿಸ್ತಿದ್ದಳಾ?"

ನೋಟ್ ಪುಸ್ತಕ ತೆರೆದು ಅವಳ ಕೈಗೆ ಕೊಟ್ಟೆ. ಎರಡನೇ ವಾರ ಬರೆದ ಸಾಲು ಅಲ್ಲೇ ಇತ್ತು: ಎರಡು ಹಳ್ಳಿ ಬಿಡುವುದು ನಿಜ, ರೆಕ್ಕೆ ಮಾಯುವ ತನಕ. ಅವಳು ಎರಡು ಸಲ ಓದಿದಳು. ರೆಕ್ಕೆ ಮಾಯಲು ಎಷ್ಟು ಕಾಲ ಎಂದು ಕೇಳಿದಳು. ಒಂದು ಮಳೆಗಾಲ ಅಂದೆ. ಹೊರಗೆ ಮಳೆ ಬಿಟ್ಟಿರಲಿಲ್ಲ, ಅವಳು ಕೊಡೆ ತೆಗೆದುಕೊಂಡು ಬಾಗಿಲ ಹತ್ತಿರ ಸ್ವಲ್ಪ ಹೊತ್ತು ನಿಂತಿದ್ದಳು.